ಹದಿಮೂರರಲ್ಲಿ ನಿಂತ ಮುಳ್ಳು

“ಗುರುಗಳೇ, ಮನಸ್ಸು ಅಲುಗಾಡದೆ ನಿಂತರೆ ಸಾಧನೆ ಮುಗಿದಂತೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ, “ಯಾಕೆ, ನಿನ್ನದು ನಿಂತಿತೇ?” ಎಂದರು.

“ನಿಂತಿದೆ ಅನ್ನಿಸುತ್ತದೆ. ಮೊದಲು ಊರಿನಿಂದ ಕಾಗದ ಬಂದರೆ ಒಡೆಯುವ ಮೊದಲೇ ಕೈ ನಡುಗುತ್ತಿತ್ತು. ಮೊನ್ನೆ ಅಕ್ಕನ ಕಾಗದ ಬಂತು. ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ, ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದಾರಂತೆ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಓದಿದೆ, ಮಡಿಸಿ ಜೇಬಿಗೆ ಹಾಕಿದೆ, ಜಪಕ್ಕೆ ಕೂತೆ. ಏನೂ ಆಗಲಿಲ್ಲ.” ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

“ಹಾಗಾದರೆ ಒಂದು ಬೋಟಿನ ಕತೆ ಕೇಳು. ಸನ್ಯಾಸಿಗೆ ಬೋಟಿನ ವಿಷಯ ಏನು ಗೊತ್ತು ಎಂದು ಹುಬ್ಬೇರಿಸಬೇಡ. ಈ ಕಾವಿ ಉಡುವ ಮೊದಲು ನಾನು ಮೀನಿನ ವಾಸನೆಯಲ್ಲೇ ಬೆಳೆದವನು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ತಾಂಡೇಲನಿದ್ದ. ತಾಂಡೇಲ ಎಂದರೆ ಬೋಟು ನಡೆಸುವವನು. ಅವನ ಬೋಟು ಹಳೆಯದು. ಚುಕ್ಕಾಣಿಯ ಎದುರಿನ ಹಲಗೆಯಲ್ಲಿ ಮೂರು ಮೀಟರುಗಳಿದ್ದವು. ಅವುಗಳಲ್ಲಿ ಒಂದು ವೋಲ್ಟ್ ಮೀಟರು, ಬ್ಯಾಟರಿಯ ಬಲ ತೋರಿಸುವಂಥದ್ದು. ಅದರ ಮುಳ್ಳು ನಡುಗುತ್ತಿತ್ತು. ಒಮ್ಮೆ ಹದಿಮೂರಕ್ಕೆ ಏರುತ್ತಿತ್ತು, ಒಮ್ಮೆ ಹತ್ತಕ್ಕೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ತಾಂಡೇಲನ ಎದೆ ಧಸಕ್ಕೆನ್ನುತ್ತಿತ್ತು. ಬ್ಯಾಟರಿ ಸತ್ತರೆ ಇಂಜಿನ್ ಏಳುವುದಿಲ್ಲ. ಇಂಜಿನ್ ಏಳದಿದ್ದರೆ ಬೋಟು ಗಾಳಿ ನೂಕಿದ ಕಡೆಗೆ ಹೋಗುತ್ತದೆ. ಆ ಕಡಲಿನಲ್ಲಿ ಗಾಳಿ ನೂಕುತ್ತಿದ್ದುದು ಬಂಡೆಗಳ ಕಡೆಗೆ.

ಮೆಕ್ಯಾನಿಕ್ ಬಂದು ನೋಡಿದ. “ದಡದಲ್ಲಿ ಅಳೆದ್ರೆ ಬ್ಯಾಟರಿ ಸರಿಯೇ ಉಂಟು. ಕಡಲಲ್ಲಿ ಏನಾಗ್ತದೆ ಅಂತ ನಾನು ಹೇಗೆ ಹೇಳುದು? ಮೊದ್ಲು ಈ ಮೀಟರ್ ಬದಲಿ ಮಾಡಿ, ಮತ್ತೆ ನೋಡುವ” ಎಂದ.

ತಾಂಡೇಲ ಅಂದೇ ಹೊಸ ಮೀಟರು ತಂದ. ಆದರೆ ಮರುದಿನ ಆಯುಧಪೂಜೆ. ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ತೊಳೆದು ಪೂಜೆಗೆ ಇಟ್ಟಾಗಿತ್ತು. ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ. ಪೂಜೆ ಮುಗಿಯಲಿ ಎಂದುಕೊಂಡ.

ಪೂಜೆಯ ದಿನ ಇಂಜಿನ್ ಚಾಲೂ ಮಾಡಿ ಎಲ್ಲದಕ್ಕೂ ಗಂಧ ಹಚ್ಚಿದ. ಬೇರೆ ಮೀಟರುಗಳಿಗೆ ಒಂದೊಂದು ಬೊಟ್ಟು. ಈ ಮೀಟರಿಗೆ ಮಾತ್ರ ಮೂರು ಬೆರಳಿನಿಂದ ಬಳಿದ. ಹೆದರಿಸುವ ದೇವರಿಗೆ ನಾವು ಗಂಧ ಸ್ವಲ್ಪ ಹೆಚ್ಚೇ ಹಚ್ಚುತ್ತೇವೆ, ಅದು ನಿನಗೂ ಗೊತ್ತು.

ಮರುದಿನ ಕಡಲಿಗೆ ಹೊರಟಾಗ ಮುಳ್ಳು ನಡುಗಲಿಲ್ಲ. ಹದಿಮೂರರಲ್ಲಿ ನಿಂತಿತ್ತು. ಅದರ ಮರುದಿನವೂ ಅಲ್ಲೇ. ದೇವಿ ಕಣ್ಣು ಬಿಟ್ಟಳು ಎಂದು ತಾಂಡೇಲ ಕೈ ಮುಗಿದ. ಹೊಸ ಮೀಟರನ್ನು ಪೆಟ್ಟಿಗೆಯ ಸಮೇತ ಆಸನದ ಕೆಳಗೆ ತಳ್ಳಿದ. ಕೀಲಿ ತೆಗೆದರೂ ಮುಳ್ಳು ಸೊನ್ನೆಗೆ ಇಳಿಯುತ್ತಿರಲಿಲ್ಲ. ಅದನ್ನೂ ಅವನು ಕಂಡ. ಬ್ಯಾಟರಿ ಅಷ್ಟು ಗಟ್ಟಿಯಾಗಿದೆ ಎಂದು ಸಂತೋಷಪಟ್ಟ. ಎಷ್ಟೋ ದಿನಗಳ ಮೇಲೆ ಅವನಿಗೆ ಊಟ ರುಚಿಸಿತು.

ಹತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಅವನೂ ಅವನ ಹೆಂಡತಿಯ ತಮ್ಮನೂ ಇಂಜಿನ್ ನಿಲ್ಲಿಸಿ ಬಲೆ ಎಳೆಯುತ್ತಿದ್ದರು. ಪಡುವಣದಲ್ಲಿ ಮೋಡ ಕಟ್ಟಿ ಗಾಳಿ ಎದ್ದಿತು. ತಾಂಡೇಲ ಓಡಿಬಂದು ಕೀಲಿ ತಿರುಗಿಸಿದ. ಇಂಜಿನ್ ಟಕ್ ಎಂದು ಸುಮ್ಮನಾಯಿತು.

ಮತ್ತೊಂದು ಬೋಟು ಕೂಗಳತೆಯಲ್ಲೇ ದಡಕ್ಕೆ ಹೋಗುತ್ತಿತ್ತು. “ಭಾವ, ಬ್ಯಾಟರಿ ಹೋಯ್ತು ಕಾಣ್ತದೆ. ಅವ್ರನ್ನು ಕರೀತೇನೆ” ಎಂದ ಹೆಂಡತಿಯ ತಮ್ಮ.

“ಮುಳ್ಳು ಹದಿಮೂರರಲ್ಲೇ ಉಂಟಲ್ಲ, ನಿಂಗೆ ಕಣ್ಣು ಕಾಣುದಿಲ್ವಾ ಮಾರಾಯ? ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದೆ ಅಷ್ಟೆ” ಎಂದ ತಾಂಡೇಲ.

ಡೀಸೆಲ್ ಪೈಪು ಬಿಚ್ಚಿದ, ಊದಿದ, ಕಟ್ಟಿದ. ಟಕ್. ಫಿಲ್ಟರು ಬಿಚ್ಚಿದ, ತೊಳೆದ. ಟಕ್. ಅಷ್ಟರಲ್ಲಿ ಆ ಬೋಟು ದೂರ ಹೋಗಿತ್ತು. ಲಂಗರು ಹಾಕಿದರು. ಅದು ಮರಳಿನಲ್ಲಿ ಕಚ್ಚಲಿಲ್ಲ, ಬೋಟಿನ ಹಿಂದೆಯೇ ಜಾರಿಕೊಂಡು ಬಂತು. ಬಂಡೆಗಳಿಗೆ ಅಲೆ ಬಡಿಯುವ ಸದ್ದು ಕೇಳಿಸತೊಡಗಿತು. ತಾಂಡೇಲ ಮತ್ತೆ ಮತ್ತೆ ಮುಳ್ಳಿನ ಕಡೆ ನೋಡುತ್ತಿದ್ದ. ಮುಳ್ಳು ಏನೂ ಆಗಿಲ್ಲ ಎನ್ನುತ್ತಿತ್ತು.

ಹೆಂಡತಿಯ ತಮ್ಮ ಹಲಗೆಯ ಹಿಂದೆ ಕೈ ಹಾಕಿ ತಡಕಿದ. ತುಕ್ಕು ಹಿಡಿದಿದ್ದ ತಂತಿಯೊಂದು ಕಿತ್ತು ಕೈಗೆ ಬಂತು. ಅದು ವೋಲ್ಟ್ ಮೀಟರಿನ ತಂತಿ. ಇಬ್ಬರೂ ಮೀಟರನ್ನು ನೋಡಿದರು. ತಂತಿ ಕೈಯಲ್ಲಿತ್ತು. ಮುಳ್ಳು ಹದಿಮೂರರಲ್ಲೇ ಇತ್ತು.

ತಾಂಡೇಲನಿಗೆ ಹತ್ತು ದಿನ ಬಾರದಿದ್ದ ಭಯವೆಲ್ಲ ಒಟ್ಟಿಗೆ ಬಂತು. ಉಟ್ಟ ಲುಂಗಿಯನ್ನೇ ಬಿಚ್ಚಿ ಗಳಕ್ಕೆ ಕಟ್ಟಿ ಬೀಸುತ್ತ ಹುಚ್ಚನ ಹಾಗೆ ಕೂಗಿದ. ದೂರದ ಬೋಟಿನಲ್ಲಿ ಯಾರೋ ತಿರುಗಿ ನೋಡಿದರು. ಆ ಬೋಟು ವಾಪಸು ಬಂದು ಹಗ್ಗ ಎಸೆಯುವಾಗ ಬಂಡೆಗಳು ಮೂರು ಮಾರು ದೂರದಲ್ಲಿದ್ದವು. ಬೋಟು ಉಳಿಯಿತು. ಹಗ್ಗ ಬಿಗಿಯುವಾಗ ಅದಕ್ಕೂ ಬೋಟಿನ ಅಂಚಿಗೂ ನಡುವೆ ಸಿಕ್ಕಿ ಹೆಂಡತಿಯ ತಮ್ಮನ ಎರಡು ಬೆರಳು ಹೋದವು.

ಮೂರನೆಯ ದಿನ ತಾಂಡೇಲ ಹಳೆಯ ಮೀಟರು ಬಿಚ್ಚಿದ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದರೊಳಗೆ ಇಳಿದ ಗಂಧ ಒಣಗಿ ಮುಳ್ಳನ್ನು ಹದಿಮೂರಕ್ಕೆ ಅಂಟಿಸಿತ್ತು. ಬ್ಯಾಟರಿ ತುಂಬಿಸುವ ಡೈನಮೋ ಕೆಟ್ಟು ಬ್ಯಾಟರಿ ದಿನದಿನಕ್ಕೆ ಬರಿದಾಗುತ್ತಿದ್ದುದನ್ನು ಹೇಳಲು ಆ ಮುಳ್ಳಿಗೆ ಆಗಿರಲಿಲ್ಲ. ಮೆಕ್ಯಾನಿಕ್ ಆಗಲೇ ಡೈನಮೋ ಸರಿಮಾಡಿ ಬ್ಯಾಟರಿ ತುಂಬಿಸಿದ್ದ. ತಾಂಡೇಲ ಎರಡು ತಂತಿ ಸಿಕ್ಕಿಸಿ ಹೊಸ ಮೀಟರು ಕೂರಿಸಿದ. ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಆ ಅರ್ಧ ಗಂಟೆ ಅವನು ತಲೆ ಎತ್ತಿ ಹೆಂಡತಿಯ ತಮ್ಮನ ಮುಖ ನೋಡಲಿಲ್ಲ.

ಇಂಜಿನ್ ಎಬ್ಬಿಸಿದಾಗ ಹೊಸ ಮುಳ್ಳು ಕೆಳಗೆ ಬಿದ್ದು, ಅಲುಗಾಡಿ, ಮೇಲೆದ್ದಿತು.

“ಇದೂ ನಡುಗ್ತದಲ್ಲ ಭಾವ” ಎಂದ ಕೈಗೆ ಬಟ್ಟೆ ಸುತ್ತಿಕೊಂಡಿದ್ದವನು.

“ನಡುಗ್ಲಿ” ಎಂದ ತಾಂಡೇಲ.

ಗುರುಗಳು ಹೊಸೆದ ಬತ್ತಿಗಳನ್ನು ತಟ್ಟೆಗೆ ಹಾಕಿದರು.

“ಆಮೇಲೆ ಅವನ ಭಯ ಹೋಯಿತೇ?” ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ಕೈ ಜೇಬಿನ ಮೇಲಿತ್ತು.

“ಅಕ್ಕನ ಕಾಗದ ಇನ್ನೂ ಅಲ್ಲೇ ಇದೆಯಲ್ಲ, ತೆಗೆದು ಗಟ್ಟಿಯಾಗಿ ಓದು” ಎಂದರು ಗುರುಗಳು.

ಶಿಷ್ಯ ಕಾಗದ ಬಿಡಿಸಿದ. ‘ನನ್ನ ಪುಟ್ಟ ತಮ್ಮನಿಗೆ’ ಎಂಬಲ್ಲಿಗೆ ಅವನ ದನಿ ನಡುಗಿತು.