ಬಲಮೂಲೆಯ ಸಹಿ

ದಾವಣಗೆರೆಯ ಪತ್ರಿಕೆಯೊಂದರಲ್ಲಿ ಒಬ್ಬ ವ್ಯಂಗ್ಯಚಿತ್ರಗಾರನಿದ್ದ. ಅವನು ಮಂತ್ರಿಯೊಬ್ಬರ ಹೊಟ್ಟೆಯನ್ನು ಸ್ವಲ್ಪ ಧಾರಾಳವಾಗಿ ಬರೆದಿದ್ದಕ್ಕೆ ಪತ್ರಿಕೆಯ ಮಾಲೀಕ ರೇವಣಸಿದ್ದಪ್ಪ ಸಾಹುಕಾರರಿಗೆ ಫೋನ್ ಬಂತು. ಸಾಹುಕಾರರು ಅವನನ್ನು ಕರೆಸಿದರು.

"ಇವತ್ತಿಂದ ನನ್ನ ಸಹಿ ಬೀಳದ ಚಿತ್ರ ಅಚ್ಚಾಗಂಗಿಲ್ಲ. ಅಚ್ಚಾದ್ರೆ ನಿಮ್ಮ ಕೆಲ್ಸ ಹೋತು ಅಂತ ತಿಳ್ಕಳ್ರಿ."

"ಆಗ್ಲಿ ಸಾಹುಕಾರ್ರೆ," ಎಂದ ಅವನು.

ಮರುದಿನವೇ ಒಂದು ಚಿತ್ರ ಒಯ್ದ. ಅದರಲ್ಲಿ ಊಟದ ಮೇಜು ಅಲ್ಲಾಡುತ್ತಿದೆ. ಹೆಂಡತಿ ಮಾಡಿದ ಇಡ್ಲಿಯೊಂದನ್ನು ಗಂಡ ಮೇಜಿನ ಕಾಲಿನ ಅಡಿಗೆ ಒತ್ತಾಗಿ ಇಡುತ್ತಿದ್ದಾನೆ. ಸಾಹುಕಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೋಡ್ರಿ, ಇಂಥದ್ದು ಬರೀಬೇಕು. ರಾಜಕೀಯ ಇಲ್ಲ, ರಗಳೆ ಇಲ್ಲ," ಎಂದು ತಿಳಿನೀಲಿ ಪೆನ್ನು ತೆಗೆದರು.

"ನಿಮ್ಮ ಸಹಿಗೆ ಕಪ್ಪು ಇಂಕೇ ಲಕ್ಷಣ," ಎಂದು ಅವನು ತನ್ನ ಪೆನ್ನು ಕೊಟ್ಟ. "ಇಲ್ಲಿ ಹಾಕ್ರಿ, ಕೆಳಗೆ, ಬಲಮೂಲೆಗೆ."

ತಿಳಿನೀಲಿ ಗೆರೆ ಅಚ್ಚಿನಲ್ಲಿ ಮೂಡುವುದಿಲ್ಲ, ಕಪ್ಪು ಮೂಡುತ್ತದೆ. ಬಲಮೂಲೆಯೋ, ಚಿತ್ರ ಬರೆದವನು ಸಹಿ ಹಾಕುವ ಜಾಗ. ಸಾಹುಕಾರರಿಗೆ ಇವೆರಡೂ ಗೊತ್ತಿರಲಿಲ್ಲ. ಅವನು ತನ್ನ ಸಹಿ ಹಾಕಲೇ ಇಲ್ಲ.

ಚಿತ್ರ ಅಚ್ಚಾದ ದಿನ ಸಾಹುಕಾರರು ಎಂದಿಗಿಂತ ಬೇಗ ಆಫೀಸಿಗೆ ಬಂದರು. ಮುಖ ಬಾಡಿತ್ತು.

"ಅದನ್ನ ನಾನೇ ಬರೆದೀನಿ ಅಂತ ಊರೆಲ್ಲ ಹೇಳ್ತೈತಿ. ನಮ್ಮ ಮನೆಯಾಕೆನೂ ನೋಡಿದ್ಲು. ತಿಂಡಿ ಎಲ್ಲಿ ಅಂದ್ರೆ ಮೇಜಿನ ಕಾಲು ತೋರಿಸಿದ್ಲು. ನಾಲ್ಕು ಕಾಲಿಗೂ ಒಂದೊಂದು ಇಡ್ಲಿ ಇಟ್ಟಾಳೆ. ಇನ್ಮೇಲೆ ನಿಮ್ಮ ಚಿತ್ರಕ್ಕೆ ನೀವೇ ಸಹಿ ಹಾಕ್ಕಳ್ರಿ ಮಾರಾಯ್ರೆ."

"ಆಗ್ಲಿ ಸಾಹುಕಾರ್ರೆ. ಮತ್ತೆ, ಮೇಜು ಅಲ್ಲಾಡೋದು ನಿಂತೈತೇನ್ರಿ?"

ಸಾಹುಕಾರರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಸುಳ್ಳು ಯಾಕೆ ಹೇಳ್ಲಿ, ನಿಂತೈತಿ."