ನೀಲವ್ವನ ಲಾರಿಮನೆ ಹಿಮಕ್ಕೆ ಹೋದದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ. ನಡುವೆ ಮಾತ್ರ ಯಾರೂ ಬುದ್ಧಿ ಹೇಳಬಾರದು. ಈ ಕತೆ ಕೆಟ್ಟದ್ದೇ ಬುದ್ಧಿ ಹೇಳಿ ಹೇಳಿ.

ಹುಬ್ಬಳ್ಳಿ ಬೈಪಾಸಿನ ಬದಿಗೆ ನೀಲವ್ವ ಅಂತ ಒಬ್ಬಳು. ಅವಳಿಗೆ ಕಲ್ಮೇಶ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತಾರು. ಲಾರಿ ಹೊಡೆಯುವುದರಲ್ಲಿ ಅಪ್ಪನ ಮಗ, ಉಳಿದದ್ದರಲ್ಲಿ ಶುದ್ಧ ಪೆದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಮ್ಮಿಯಿಲ್ಲ.

ನೀಲವ್ವನ ಗಂಡ ಸೇಬಿನ ಲೋಡಿಗೆ ಮನಾಲಿಯ ಕಡೆ ಹೋಗಿಬಂದವ. "ಹಿಮ ಅಂದ್ರ ಏನಂತೀ! ಒಮ್ಮೆ ನಿನಗ ತೋರಸ್ತೀನಿ" ಅಂದಿದ್ದ. ತೋರಿಸದೆ ಹೋಗಿಬಿಟ್ಟ. ಲಾರಿ ಉಳಿಯಿತು, ಆಸೆ ಉಳಿಯಿತು. ಅವಳ ಮೊಣಕಾಲು ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು. ಈ ಸಲ ಹೋಗದಿದ್ದರೆ ಮುಂದೆ ಗಾಡಿ ಹತ್ತುವುದಕ್ಕೇ ಆಗುವುದಿಲ್ಲ. ದೀಪಾವಳಿ ದಾಟಿದರೆ ಅಲ್ಲಿನ ಗುಡ್ಡದ ದಾರಿಯೂ ಮುಚ್ಚುತ್ತದೆ.

ಲಾರಿಯ ಮೇಲೆ ಒಂದು ಮನೆಯನ್ನೇ ಕಟ್ಟಿಸುತ್ತೇನೆ ಅಂತ ಹೊರಟಳು ನೀಲವ್ವ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಲಾರಿಯಷ್ಟೇ ಉದ್ದ, ಲಾರಿಯಷ್ಟೇ ಅಗಲ ನಕ್ಷೆ ಬರೆದಳು. ಇಲ್ಲಿ ಮಂಚ, ಇಲ್ಲಿ ಒಲೆ, ಇಲ್ಲಿ ಬಚ್ಚಲು. ಲಾರಿ ಬಾಡಿ ಕಟ್ಟುವ ಇಮಾಮಸಾಬ ಮೇಸ್ತ್ರಿ ಬಂದು ನೋಡಿದ.

"ಅಕ್ಕಾರ, ಸರಕಿನ ಬಾಡಿ ಭಾಳ ಕಟ್ಟೇನಿ. ಸಂಸಾರದ ಬಾಡಿ ಇದ ಮೊದಲು. ಅಳತಿ ಕಳಸ್ರಿ, ಕಟ್ಟತೀನಿ" ಅಂದ.

"ಕಲ್ಮ್ಯಾ, ನಾ ಮಲಗಿದಾಗ ಅಳದು, ಅಷ್ಟುದ್ದ ಮಂಚ ಅಂತ ಹೇಳಿ ಬಾ" ಅಂದಳು ನೀಲವ್ವ.

ಮಧ್ಯಾಹ್ನ ಮಲಗಿದಳು. ಕಾಲು ನೋವು ನೋಡಿ, ಮುದುಡಿಕೊಂಡೇ ಮಲಗಿದಳು. ಕಲ್ಮೇಶ ಅಳೆದ. ಮೂರೂವರೆ ಅಡಿ! ಹೋಗಿ ಹೇಳಿದ. ಯಾವುದೋ ಮಗುವಿಗೆ ಇರಬೇಕು ಅಂದುಕೊಂಡು ಮೇಸ್ತ್ರಿ ಮೂರೂವರೆ ಅಡಿಯ ಮಂಚ ಕೂರಿಸಿದ. ನೀಲವ್ವ ಹೋಗಿ ಮಲಗಿ ನೋಡಿದರೆ, ಕಾಲು ಗಾಳಿಯಲ್ಲಿ!

"ಅಯ್ಯ ನನ ಮಗನ! ಅಳತಿ ಅಂದ್ರ ಮನಿಶ್ಯಾ ನೆಟ್ಟಗ ನಿಂತಾಗ ತಗೋಬೇಕೋ! ಮ್ಯಾಲ ಒಂದು ಗೇಣು ಸೇರಸಬೇಕೋ!"

"ಹೂಂ ಅವ್ವಾ. ನೆಟ್ಟಗ ನಿಂತಾಗ, ಮ್ಯಾಲ ಒಂದು ಗೇಣು."

ಮಂಚ ಬಿಚ್ಚಿ ಕಟ್ಟಲು ಎಂಟು ದಿನ ಹೋಯಿತು. ಆಮೇಲೆ ಒಲೆಕಟ್ಟೆ ಎಷ್ಟು ಎತ್ತರ ಅಂತ ಮೇಸ್ತ್ರಿ ಕೇಳಿದ. ಕಲ್ಮೇಶ ಮನೆಗೆ ಬಂದು ಅವ್ವನನ್ನು ನೆಟ್ಟಗೆ ನಿಲ್ಲಿಸಿದ. ಮಂಚಕ್ಕೇ ಇರಬೇಕು ಅಂತ ಅವಳೂ ನಿಂತಳು. ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದ, ಮೇಲೆ ಒಂದು ಗೇಣು ಸೇರಿಸಿದ.

"ಒಲಿಕಟ್ಟಿ ಐದೂ ಮುಕ್ಕಾಲು ಅಡಿ, ಕಾಕಾ."

"ಅಷ್ಟ ಎತ್ತರಾ?"

"ಅವ್ವ ಹೇಳ್ಯಾಳ."

ಒಲೆ ತಲೆಗಿಂತ ಮೇಲೆ! ಅನ್ನ ಬೆಂದಿದೆಯೋ ಇಲ್ಲವೋ ನೋಡಬೇಕಾದರೆ ಏಣಿ ಹತ್ತಬೇಕು. ನೀಲವ್ವ ಹಣೆ ಚಚ್ಚಿಕೊಂಡಳು.

"ಯಪ್ಪಾ ದೇವರ! ಏನರ ಒಪ್ಪಿಕೊಳ್ಳೂ ಮೊದಲ ಬಳಸಿ ನೋಡಬೇಕೋ! ಬಳಸಿ ನೋಡಿ ಹೂಂ ಅನ್ನಬೇಕೋ!"

"ಹೂಂ ಅವ್ವಾ. ಬಳಸಿ ನೋಡಿ ಹೂಂ ಅನ್ನಬೇಕು."

ಮತ್ತೆ ಎಂಟು ದಿನ ಹೋಯಿತು. ಈಗ ಬಚ್ಚಲ ಮೂಲೆಯಲ್ಲಿ ಕಮೋಡು ಬಂತು. ಬರೀ ಕಮೋಡು. ಪೈಪಿಲ್ಲ, ಕೆಳಗೆ ಟ್ಯಾಂಕಿಲ್ಲ. ಇಮಾಮಸಾಬ ಲಾರಿಯ ಅಡಿಗೆ ಅಂಗಾತ ಮಲಗಿ ನಟ್ಟು ಬಿಗಿಯುತ್ತಿದ್ದ. "ಕಲ್ಮೇಶಾ, ಸರಿ ಕುಂತೈತೇನು ನೋಡು" ಅಂತ ಕೆಳಗಿನಿಂದ ಕೂಗಿದ.

ಕಲ್ಮೇಶ ಬಳಸಿ ನೋಡಿದ.

ಮುಂದಿನದನ್ನು ನಾನು ಹೇಳುವುದಿಲ್ಲ. ಇಮಾಮಸಾಬ ಮೂರು ಸಲ ಸ್ನಾನ ಮಾಡಿ ನೀಲವ್ವನ ಮನೆಗೆ ಬಂದ.

"ಅಕ್ಕಾರ, ನನ್ನ ಕೈಲೆ ಆಗೂದಿಲ್ರಿ. ಗಾಡಿ ಒಯ್ರಿ."

ನೀಲವ್ವ ಕೈ ಮುಗಿದಳು. "ಸಾಬರ, ಮುಂದಿನ ವರ್ಷ ಈ ಕಾಲು ನನ್ನ ಮಾತು ಕೇಳೂದಿಲ್ರಿ. ಸಾಯೂದ್ರೊಳಗ ಒಮ್ಮೆ ನೋಡಬೇಕ್ರಿ." ಇಮಾಮಸಾಬ ಅವಳ ಮೊಣಕಾಲು ನೋಡಿದ. ಒಪ್ಪಿಕೊಂಡು ಹೋದ.

ಮಗನಿಗೆ ಬೈಗುಳ ಕಾದಿತ್ತು. "ಕತ್ತೀ! ಕಿಂಡಿ ಕಂಡಲ್ಲಿ ಮೊದಲ ಮುಚ್ಚಬೇಕೋ! ಹನಿ ನೀರು ಆಕಡೆ ಈಕಡೆ ಹೋಗದಂಗ ಮುಚ್ಚಬೇಕೋ!"

"ಹೂಂ ಅವ್ವಾ. ಕಿಂಡಿ ಕಂಡಲ್ಲಿ ಮುಚ್ಚಬೇಕು."

ದಸರೆ ಕಳೆಯಿತು. ಗಾಡಿ ಮುಗಿಯುತ್ತ ಬಂತು. ಒಂದು ದಿನ ಊಟ ಮಾಡಿ ಇಮಾಮಸಾಬ ಹೊಸ ಮಂಚದ ಮೇಲೆ ಒಂದು ಗಳಿಗೆ ಅಡ್ಡಾದ. ಕಲ್ಮೇಶ ಬಂದು ನೋಡಿದ. ಎಲ್ಲೆಲ್ಲೂ ಕಿಂಡಿ! ಕಿಟಕಿಗೆ ತಗಡು ಹೊಡೆದ. ಗಾಳಿಗಂಡಿಗೆ ಅಂಟು ಮೆತ್ತಿದ. ಬಾಗಿಲು ಹಾಕಿ, ಅದರ ಸಂದಿಗೂ ಹೊರಗಿನಿಂದ ಸುತ್ತ ಮೆತ್ತಿದ. ಮೂವತ್ತು ವರ್ಷ ತಗಡು ಬಡಿದ ಮೇಸ್ತ್ರಿಗೆ ಸುತ್ತಿಗೆಯ ಸದ್ದೇ ಜೋಗುಳ. ಎದ್ದು ನೋಡಿದರೆ ಕಗ್ಗತ್ತಲು! ಅವನನ್ನು ಹೊರಗೆ ತೆಗೆಯಲು ಬಾಗಿಲು ಕೊಯ್ಯಬೇಕಾಯಿತು.

"ಲೇ! ಬಾಗಲಾ ಹಾಕೂ ಮೊದಲ 'ಒಳಗ ಯಾರರ ಅದೀರೇನು' ಅಂತ ಕೂಗಬೇಕೋ! ಯಾರೂ ಇಲ್ಲಂದ್ರ ಆಮ್ಯಾಲ ಹಾಕಬೇಕೋ!"

"ಹೂಂ ಅವ್ವಾ. ಯಾರೂ ಇಲ್ಲಂದ್ರ ಹಾಕಬೇಕು."

ಹೊಸ ಬಾಗಿಲು ಬಂತು. ಅಂತೂ ಇಂತೂ ದೀಪಾವಳಿಗೆ ಹದಿನೈದು ದಿನ ಇರುವಾಗ ಗಾಡಿ ಮನೆಯ ಮುಂದೆ ಬಂದು ನಿಂತಿತು. ಅಕ್ಕಿ ಏರಿತು, ರೊಟ್ಟಿ ಏರಿತು, ಕಂಬಳಿ ಏರಿತು.

"ಮಗನ, ನಾ ಹಿಂದಿನ ಮನ್ಯಾಗ ಕೂಡ್ತೀನಿ. ಹಿಮ ಬರೂಮಟ ಬಾಗಲಾ ತಗೀಬ್ಯಾಡ. ತಗದ ಕೂಡ್ಲೆ ಕಣ್ಣತುಂಬ ಹಿಮಾನ ಕಾಣಬೇಕು. ಅಲ್ಲೀತನಕ ಫೋನ್ ಎತ್ತಬ್ಯಾಡ."

"ಹೂಂ ಅವ್ವಾ."

ನೀಲವ್ವ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಮನೆಗೆ ಬೀಗ ಹಾಕಲು ಹೋದಳು. ಕಲ್ಮೇಶ ಲಾರಿಯ ಬಾಗಿಲಲ್ಲಿ ನಿಂತು ಕೂಗಿದ.

"ಒಳಗ ಯಾರರ ಅದೀರೇನು?"

ಮಗ ಕೊನೆಗೂ ಕಲಿತನಲ್ಲ ಅಂತ ನೀಲವ್ವ ಹಿಗ್ಗಿದಳು. ಬೀಗ ತಿರುವುತ್ತಲೇ ಕೂಗಿದಳು, "ಯಾರೂ ಇಲ್ಲೋ ಮಗನ!"

ಯಾರೂ ಇಲ್ಲಂದರೆ ಹಾಕಬೇಕು. ಬಾಗಿಲು ಹಾಕಿದ. ಗಾಡಿ ಹೊಡೆದ.

ನೀಲವ್ವ ಓಡಿದಳು. ಓಡುವ ಕಾಲೇ ಅದು? ಫೋನ್ ಮಾಡಿದಳು. ಎತ್ತುವ ಮಗನೇ ಅವನು? ಐದು ದಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಆರನೆಯ ದಿನ ಫೋನ್ ಬಂತು.

"ಅವ್ವಾ, ಹಿಮ ಬಂತು. ನೀನ ಬರಲಿಲ್ಲ."

ಬೈಯಬೇಕು ಅಂತ ಬಾಯಿ ತೆರೆದಳು. "ಖರೇನ ಹಿಮ ಐತೇನೋ?"

"ಐತಿ. ನೆಲಾ ಕಾಣವಲ್ದು."

"ಅಲ್ಲೇ ನಿಂದರು. ನಾ ಬರೂಮಟ ಅಲ್ಲಾಡಬ್ಯಾಡ!"

ಇಮಾಮಸಾಬನೇ ಅವಳನ್ನು ಕರೆದುಕೊಂಡು ಹೊರಟ. ರೈಲು, ಬಸ್ಸು, ಜೀಪು. ನಾಲ್ಕನೆಯ ದಿನ ಗುಡ್ಡದ ಮೇಲೆ ಲಾರಿ ಕಂಡಿತು. ಅದರ ಪಕ್ಕದಲ್ಲಿ ಕಲ್ಮೇಶ ನೆಟ್ಟಗೆ ನಿಂತಿದ್ದ. ತಲೆಯ ಮೇಲೆ ಹಿಮ, ಹೆಗಲ ಮೇಲೆ ಹಿಮ, ಹುಬ್ಬಿನ ಮೇಲೆ ಹಿಮ. ಚಹಾದಂಗಡಿಯವರು ಕಂಬಳಿ ಹೊದಿಸಿ, ದಿನಾ ಬಾಯಿಗೆ ಚಹಾ ರೊಟ್ಟಿ ಕೊಟ್ಟು ಬದುಕಿಸಿದ್ದರು.

"ಲೇ! ಗಾಡ್ಯಾಗ ಮಂಚ ಐತಿ, ಒಲಿ ಐತಿ! ಒಳಗ ಕುಂದ್ರಬಾರದೇನೋ!"

"ಅಲ್ಲಾಡಬ್ಯಾಡ ಅಂದಿದ್ದಿ, ಅವ್ವಾ."

ನೀಲವ್ವ ಅವನ ತಲೆ ಒರೆಸಲು ಕೈ ಎತ್ತಿದಳು. ಕೈ ತುಂಬ ಬೆಳ್ಳಗೆ ತಣ್ಣಗೆ ಬಂತು. ಆಗಲೇ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಅನ್ನುವ ಎಚ್ಚರವಾದದ್ದು. ಅಂಗೈ ನೋಡಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಸಾಬರ, ಹಿಮ ನೋಡ್ರಿ!"

ಆಮೇಲೆ ಇಬ್ಬರೂ ಸೇರಿ ಕಲ್ಮೇಶನನ್ನು ಹೊತ್ತು ಗಾಡಿಯೊಳಗೆ ಮಲಗಿಸಿದರು. ಅಲ್ಲಾಡು ಅಂತ ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.