ಮೂರು ಬುಟ್ಟಿ ಮೆಚ್ಚುಗೆ

ಟಾಕೀಸಿನ ಕಸ ಗುಡಿಸುವ ಹೊನ್ನೂರವ್ವನಿಗೆ ಸಿನಿಮಾ ಮುಗಿದರೂ ಕನಸು ಮುಗಿಯುತ್ತಿರಲಿಲ್ಲ. ಹೋದ ವಾರದ ಮಕ್ಕಳ ಚಿತ್ರದಲ್ಲಿ ಹಾರಿದ ಮಂಚ, ಪೊರಕೆಗೆ ಎದ್ದ ದೂಳಿನಲ್ಲಿ ಇನ್ನೂ ತೇಲುತ್ತ ಕಾಣುತ್ತಿತ್ತು.

ಅಷ್ಟರಲ್ಲಿ ಈ ವಾರದ ಐತಿಹಾಸಿಕ ಚಿತ್ರದ ನಿರ್ದೇಶಕರು ಶಾಲು ಕೊಡವಿಕೊಂಡು ಬಂದರು. "ಏನಮ್ಮಾ, ಆ ಹಾರುವ ಮಂಚ ದೊಡ್ಡದೋ, ನನ್ನ ಸಾಮ್ರಾಜ್ಯ ದೊಡ್ಡದೋ? ನಿಜ ಹೇಳು."

ತಪ್ಪು ಹೇಳಿದರೆ ಕೆಲಸ ಹೋಯಿತು ಎಂದು ಹಿಂದೆ ನಿಂತ ಮಾಲೀಕರು ಕಣ್ಣಲ್ಲೇ ಗದರಿದರು.

"ನಾನು ಓದಿದೋಳಲ್ಲ ಸ್ವಾಮಿ. ಕಡ್ಲೆಕಾಯಿ ಸಿಪ್ಪೆಯಲ್ಲೇ ಸಿನಿಮಾ ಅಳೆಯೋಳು. ಮಂಚಕ್ಕೆ ಅರ್ಧ ಬುಟ್ಟಿ ಬಿತ್ತು. ನಿಮ್ಮದಕ್ಕೆ ಮೂರು ಬುಟ್ಟಿ!"

"ಆರು ಪಟ್ಟು!" ನಿರ್ದೇಶಕರು ಹಿಗ್ಗಿ, ಹೆಗಲ ಶಾಲನ್ನು ಅವಳಿಗೇ ಹೊದಿಸಿ ಹೋದರು.

ಮಾಲೀಕರಿಗೆ ನಂಬಿಕೆಯಾಗಲಿಲ್ಲ. "ಅಷ್ಟು ಚೆನ್ನಾಗಿತ್ತೇನೇ?"

"ಮಂಚ ಹಾರುವಾಗ ಜನ ಕೈಯಲ್ಲಿದ್ದ ಕಾಯಿ ಸುಲಿಯೋದನ್ನೇ ಮರೆತಿದ್ರು ಧಣಿ," ಎಂದಳು. "ಸಾಮ್ರಾಜ್ಯ ನಡೆವಾಗ, ಪಾಪ, ಅವರಿಗೆ ಬೇರೆ ಕೆಲಸವೇ ಇರಲಿಲ್ಲ."